ರೂಬಿಕಾನ್ ದಾಟಿದ ಮಾತು: ಒಂದು ನುಡಿಗಟ್ಟಿನ ಚಾರಿತ್ರಿಕ ವಿಮರ್ಶೆ

ಚರಿತ್ರೆಯ ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕರಿಗೆ ಚಿರಪರಿಚಿತವಾದ ಒಂದು ಮಾತಿದೆ: ಇಂಥವನು 'ರೂಬಿಕಾನ್ ದಾಟಿದನು'. ಬೋಸ್ಟನ್ನಿನ ಬಂದರಿನಲ್ಲಿ ಚಹವನ್ನು ಸಮುದ್ರಕ್ಕೆ ಸುರಿದುದನ್ನು (೧೭೭೩) ಕುರಿತು ಬರೆಯಲಿ, ಫ್ರಾನ್ಸಿನ ಪ್ರತಿನಿಧಿಗಳು ಟೆನಿಸ್ ಅಂಗಣದಲ್ಲಿ ಪ್ರತಿಜ್ಞೆ ಕೈಗೊಂಡುದನ್ನು (೧೭೮೯) ಕುರಿತು ಬರೆಯಲಿ, ವಿದ್ಯಾರ್ಥಿಯ ಲೇಖನಿ ಆ ಘಟ್ಟಕ್ಕೆ ಬಂದೊಡನೆ ಈ ಮಾತನ್ನು ಬರೆದು ನಿಟ್ಟುಸಿರು ಬಿಡುತ್ತದೆ. ಕಾರಣಗಳನ್ನು ಹುಡುಕುವ ಕೆಲಸ ಅಲ್ಲಿಗೆ ಮುಗಿಯಿತೆಂದು ಭಾವನೆ. ವಿದ್ಯಾರ್ಥಿಗಳನ್ನು ದೂರಿ ಪ್ರಯೋಜನವಿಲ್ಲ. ಇದನ್ನು ಅವರಿಗೆ ಕಲಿಸಿದವರು ನಾವೇ. ನಮಗೆ ಕಲಿಸಿದವು ನಾವು ಓದಿದ ಇಂಗ್ಲಿಷ್ ಪಠ್ಯಗಳು.

ರೋಮನ್ ಗಣರಾಜ್ಯದ ಅವಸಾನವನ್ನು ಪಾಠ ಹೇಳುತ್ತಿದ್ದಾಗ ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತು, "ಸಾರ್, ಹೊಳೆ ಅಷ್ಟು ಚಿಕ್ಕದು ಅಂತ ನೀವೇ ಹೇಳಿದಿರಿ. ಹಾಗಾದರೆ ದಾಟಿದವನು ಮಾರನೆಯ ದಿನ ವಾಪಸು ಬರಬಹುದಿತ್ತಲ್ಲ?" ಎಂದು ಕೇಳಿದನು. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಉತ್ತರ ನನ್ನಲ್ಲಿರಲಿಲ್ಲ. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲು ನುಡಿಗಟ್ಟಿನ ಅರ್ಥವನ್ನು ಬಿಡಿಸಿ ನೋಡುವುದು ಲೇಸು. 'ರೂಬಿಕಾನ್ ದಾಟುವುದು' ಎಂದರೆ ಹಿಂದಿರುಗಲಾಗದ ಹೆಜ್ಜೆಯನ್ನಿಡುವುದು ಎಂಬುದು ನಿಘಂಟುಗಳ ವಿವರಣೆ. ಇಂಗ್ಲಿಷಿನಲ್ಲಿ ಇದು ಹದಿನೇಳನೆಯ ಶತಮಾನದಿಂದ ಬಳಕೆಯಲ್ಲಿದೆ. ಇದರೊಳಗೆ ಮೂರು ಸಂಗತಿಗಳು ಒಟ್ಟಿಗೆ ಹೆಣೆದುಕೊಂಡಿವೆ. ಸ್ಪಷ್ಟವಾಗಿ ಕಾಣುವ ಒಂದು ಗಡಿಯಿತ್ತು. ಅದನ್ನು ಒಬ್ಬ ವ್ಯಕ್ತಿ ಒಂದು ಕ್ಷಣದಲ್ಲಿ ತಿಳಿದೂ ತಿಳಿದೂ ದಾಟಿದನು. ದಾಟಿದ ಮೇಲೆ ಹಿಂದಿನ ಸ್ಥಿತಿಗೆ ಮರಳುವುದು ಅಸಾಧ್ಯವಾಯಿತು. ಇದಕ್ಕೆ ನೆರೆಯ ಮಾತುಗಳಾದ 'ತಿರುವು', 'ಜಲವಿಭಾಜಕ' ಮುಂತಾದವುಗಳಲ್ಲಿ ಈ ಮೂರೂ ಇಲ್ಲ. ದಾರಿ ತಿರುಗುವುದಕ್ಕೆ ದಾರಿಗನ ಸಂಕಲ್ಪ ಬೇಕಿಲ್ಲ. ನಮ್ಮ ಸಹ್ಯಾದ್ರಿಯ ನೆತ್ತಿಯಲ್ಲಿ ಬಿದ್ದ ಮಳೆಹನಿ ಒಂದು ಮಗ್ಗುಲಿಗೆ ಹರಿದರೆ ನೇತ್ರಾವತಿಯಾಗಿ ಅರಬ್ಬೀ ಸಮುದ್ರವನ್ನೂ ಇನ್ನೊಂದು ಮಗ್ಗುಲಿಗೆ ಹರಿದರೆ ಕಾವೇರಿಯ ಮೂಲಕ ಬಂಗಾಳಕೊಲ್ಲಿಯನ್ನೂ ಸೇರುತ್ತದೆ. ಅದರಲ್ಲಿ ಹನಿಯ ನಿರ್ಧಾರವೇನೂ ಇಲ್ಲ. ರೂಬಿಕಾನಿನ ಮಾತು ಮಾತ್ರ ಚರಿತ್ರೆಯ ಸಂಪೂರ್ಣ ಹೊಣೆಯನ್ನು ದಡದಲ್ಲಿ ನಿಂತ ಒಬ್ಬನ ಹೆಗಲಿಗೆ ಏರಿಸುತ್ತದೆ. ಅದರ ಆಕರ್ಷಣೆಯೂ ಅದೇ, ಅಪಾಯವೂ ಅದೇ.

ಘಟನೆಯ ಹಿನ್ನೆಲೆ ಬಹುಮಟ್ಟಿಗೆ ವಿದಿತವಾದುದು. ಜೂಲಿಯಸ್ ಸೀಸರನು ಕ್ರಿ. ಪೂ. ೫೮ರಿಂದ ಗಾಲ್ ಪ್ರಾಂತಗಳ ಅಧಿಪತಿಯಾಗಿದ್ದನು. ಅಧಿಕಾರ ಮುಗಿದು ಸಾಮಾನ್ಯ ಪೌರನಾಗಿ ರೋಮಿಗೆ ಮರಳಿದರೆ ವೈರಿಗಳು ತನ್ನನ್ನು ನ್ಯಾಯಸ್ಥಾನಕ್ಕೆ ಎಳೆಯುವರೆಂಬ ಭಯ ಅವನಿಗೆ; ಆದ್ದರಿಂದ ದೂರದಲ್ಲಿದ್ದುಕೊಂಡೇ ಕಾನ್ಸಲ್ ಪದವಿಗೆ ಸ್ಪರ್ಧಿಸುವ ಹಕ್ಕನ್ನು ಅವನು ಬಿಡಲೊಲ್ಲನು. ಕ್ರಿ. ಪೂ. ೪೯ರ ಜನವರಿ ೭ರಂದು ಸೆನೆಟ್ ಸಭೆಯು ರಾಜ್ಯರಕ್ಷಣೆಯ ಅಂತಿಮ ನಿರ್ಣಯವನ್ನು ಅಂಗೀಕರಿಸಿತು. ಸೀಸರನ ಪಕ್ಷದ ಟ್ರಿಬ್ಯೂನರಾದ ಆಂಟನಿ ಮತ್ತು ಕ್ಯಾಸಿಯಸ್ ನಗರವನ್ನು ಬಿಟ್ಟು ಓಡಿದರು. ಆಗ ರವೆನ್ನಾದಲ್ಲಿದ್ದ ಸೀಸರನು ಹದಿಮೂರನೆಯ ಲೀಜನ್ನಿನೊಡನೆ ದಕ್ಷಿಣಕ್ಕೆ ನಡೆದು ಅರಿಮಿನಂ ಪಟ್ಟಣವನ್ನು, ಎಂದರೆ ಇಂದಿನ ರಿಮಿನಿಯನ್ನು, ಹಿಡಿದನು. ಅವನ ಬಳಿಯಿದ್ದುದು ಸುಮಾರು ೫೦೦೦ ಕಾಲಾಳು, ೩೦೦ ಕುದುರೆ ಎಂದು ಪ್ಲೂಟಾರ್ಕನೂ ಅಪ್ಪಿಯನನೂ ಹೇಳುತ್ತಾರೆ. ಇದು ಜನವರಿ ೧೦–೧೧ರ ರಾತ್ರಿಯೆಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಅಂದಿನ ರೋಮನ್ ಪಂಚಾಂಗವು ಋತುಮಾನಕ್ಕಿಂತ ಸುಮಾರು ಒಂದೂವರೆ ತಿಂಗಳು ಮುಂದೋಡಿತ್ತಾದ್ದರಿಂದ ನಿಜವಾಗಿ ಆಗ ನವೆಂಬರಿನ ಕೊನೆಯ ಭಾಗ. 'ಜನವರಿಯ ಕೊರೆಯುವ ಚಳಿಯಲ್ಲಿ' ಎಂದು ಬಣ್ಣಿಸುವವರು ಇದನ್ನು ನೆನೆಯಬೇಕು.

ರೂಬಿಕಾನ್ ಹೊಳೆಯು ಸೀಸರನ ಪ್ರಾಂತವಾದ ಆಲ್ಪ್ಸಿನ ಈಚೆಯ ಗಾಲ್‌ಗೂ ಇಟಲಿಗೂ ನಡುವಣ ಗಡಿಯಾಗಿದ್ದುದು ಸತ್ಯ. ಸೈನ್ಯದೊಡನೆ ತನ್ನ ಪ್ರಾಂತದ ಹೊರಕ್ಕೆ ಬರುವ ಅಧಿಪತಿಯು ಸುಲ್ಲನ ಶಾಸನದಂತೆ ರಾಜದ್ರೋಹಿಯಾಗುತ್ತಿದ್ದನು. ಆದಕಾರಣ ನುಡಿಗಟ್ಟಿನ ಮೊದಲನೆಯ ಅಂಶವನ್ನು ನಾವು ಅಲ್ಲಗಳೆಯುವಂತಿಲ್ಲ. ಗಡಿಯಿತ್ತು, ಅದಕ್ಕೆ ಕಾನೂನಿನ ಬಲವಿತ್ತು. ಆದರೆ ಇದೇ ಸುಲ್ಲನು ಕ್ರಿ. ಪೂ. ೮೮ರಲ್ಲಿ, ಸೀಸರನಿಗೆ ೩೯ ವರ್ಷ ಮೊದಲೇ, ಆರು ಲೀಜನ್ನುಗಳನ್ನು ಕಟ್ಟಿಕೊಂಡು ರೋಮ್ ನಗರದ ಮೇಲೆಯೇ ಏರಿಹೋಗಿದ್ದನು. ಅವನ ಅಧಿಕಾರಿಗಳಲ್ಲಿ ಒಬ್ಬನನ್ನುಳಿದು ಮಿಕ್ಕವರೆಲ್ಲ ಹೇಸಿ ಅವನನ್ನು ಬಿಟ್ಟುಹೋದರೆಂದು ಅಪ್ಪಿಯನನ ಹೇಳಿಕೆ. ರೋಮನ್ ಸೇನಾನಿಯೊಬ್ಬನು ರೋಮನ್ನರ ಸೈನ್ಯವನ್ನು ತವರೂರಿನ ವಿರುದ್ಧ ನಡೆಸಬಹುದೆಂಬ ಭಯಂಕರ ಸಾಧ್ಯತೆ ಪ್ರಕಟವಾದುದು ಅಂದು. ಸೀಸರನಿಗೆ ಮೇಲ್ಪಂಕ್ತಿ ಇವನೇ. ಆದರೆ ಸುಲ್ಲನ ಹಾದಿಗೆ ಅಡ್ಡವಾಗಿ ಹೆಸರಾಂತ ಹೊಳೆಯೊಂದು ಬರಲಿಲ್ಲ. ಅದಕ್ಕಾಗಿ ಭಾಷೆ ಅವನನ್ನು ಮರೆಯಿತು.

ಇನ್ನು ಆಕರಗಳ ವಿಚಾರ. ನಮ್ಮ ವಿಮರ್ಶೆಯ ಮುಖ್ಯ ಭಾಗ ಇಲ್ಲಿದೆ.

ಅಂತರ್ಯುದ್ಧವನ್ನು ಕುರಿತು ಸ್ವತಃ ಸೀಸರನು ಬರೆದ ಗ್ರಂಥ ನಮಗೆ ಉಳಿದುಬಂದಿದೆ. ಅದರಲ್ಲಿ ರೂಬಿಕಾನಿನ ಹೆಸರೇ ಇಲ್ಲ. ಸೈನಿಕರನ್ನು ಕುರಿತು ಮಾತಾಡಿದನು, ಅವರು ಒಪ್ಪಿದರು, ಅರಿಮಿನಮ್ಮಿಗೆ ಹೊರಟನು, ಅಲ್ಲಿ ಟ್ರಿಬ್ಯೂನರನ್ನು ಕಂಡನು, ಇಷ್ಟೆ. ದಾಟಿದವನೇ ದಾಟಿದುದನ್ನು ಹೇಳುವುದಿಲ್ಲ. ಇದನ್ನು ತಪ್ಪಿತಸ್ಥನ ಜಾಣ ಮೌನವೆಂದು ಬಗೆಯಬಹುದು. ಕಾನೂನು ಮುರಿದ ಗಳಿಗೆಯನ್ನು ಅವನು ವಾಕ್ಯದ ಮಡಿಕೆಯಲ್ಲಿ ಅಡಗಿಸಿದನೆಂಬುದು ಅಸಂಭವವಲ್ಲ. ಆದರೆ ಸಿಸೆರೋವಿಗೆ ಅಡಗಿಸುವ ಅಗತ್ಯವಿರಲಿಲ್ಲ. ಆ ಜನವರಿಯಲ್ಲಿ ಅವನು ಸ್ನೇಹಿತನಾದ ಆಟಿಕಸನಿಗೆ ಮೇಲಿಂದ ಮೇಲೆ ಬರೆದ ಕಾಗದಗಳು ದೊರೆಯುತ್ತವೆ. ಸೀಸರನು ಯಾವ ಊರನ್ನು ಹಿಡಿದನು, ಪಾಂಪೆ ಎಲ್ಲಿಗೆ ಹೊರಟನು ಎಂಬ ಕಳವಳವೇ ಅವುಗಳ ತುಂಬ. ಹೊಳೆಯ ಮಾತಿಲ್ಲ. ಅದನ್ನು ಕಂಡವರಿಗೆ, ಅದರಿಂದ ತತ್ತರಿಸಿದವರಿಗೆ, ಪಟ್ಟಣಗಳ ಪತನ ದೊಡ್ಡದಾಗಿತ್ತು, ಹೊಳೆ ದೊಡ್ಡದಾಗಿರಲಿಲ್ಲ.

ಸಿಸೆರೋ ರೂಬಿಕಾನನ್ನು ಹೆಸರಿಸುವುದು ಬೇರೊಂದು ಸಂದರ್ಭದಲ್ಲಿ. ಅದು ಸ್ವಾರಸ್ಯವಾಗಿದೆ. ಕ್ರಿ. ಪೂ. ೪೩ರ ಜನವರಿಯಲ್ಲಿ ಆಂಟನಿಯು ಗಾಲ್ ಪ್ರಾಂತದೊಳಗೆ ಸೈನ್ಯವನ್ನು ಇರಿಸಿಕೊಂಡು ಕಾದಾಡುತ್ತಿದ್ದಾಗ ಸೆನೆಟ್ ಅವನಿಗೆ ಕಳುಹಿಸಿದ ಆಜ್ಞೆಯನ್ನು ಸಿಸೆರೋ ತನ್ನ ಆರನೆಯ ಫಿಲಿಪ್ಪಿಕ್ ಭಾಷಣದಲ್ಲಿ ಜನರಿಗೆ ತಿಳಿಸುತ್ತಾನೆ: ಸೈನ್ಯವನ್ನು ಗಾಲ್‌ನ ಎಲ್ಲೆಯಾದ ರೂಬಿಕಾನಿನಿಂದ ಈಚೆಗೆ ಕರೆತರತಕ್ಕದ್ದು, ಆದರೆ ರೋಮಿಗೆ ೨೦೦ ಮೈಲಿಗಿಂತ ಹತ್ತಿರ ಬರಕೂಡದು. ಎಂದರೆ, ಸೀಸರನು ದಾಟಿದ ಆರು ವರ್ಷದೊಳಗೆ, ಅದೇ ಹೊಳೆಯನ್ನು ಅದೇ ದಿಕ್ಕಿನಲ್ಲಿ ಸೈನ್ಯಸಮೇತನಾಗಿ ದಾಟೆಂದು ಸೆನೆಟ್ಟೇ ಒಬ್ಬ ಸೇನಾನಿಗೆ ಅಪ್ಪಣೆಯಿತ್ತಿತು! ರೂಬಿಕಾನಿಗೆ ಆಗಲೇ ಪವಿತ್ರತೆಯೋ ಶಾಪವೋ ಅಂಟಿಕೊಂಡಿದ್ದರೆ ಈ ಆಜ್ಞೆಯನ್ನು ಹೀಗೆ ನಿರ್ವಿಕಾರವಾಗಿ ಬರೆಯುತ್ತಿದ್ದರೆಂದು ನಂಬುವುದು ಕಷ್ಟ. ಸಿಸೆರೋವಿಗೆ ಅದು ಸರಹದ್ದಿನ ಒಂದು ಗುರುತು ಮಾತ್ರ.

ದಡದಲ್ಲಿ ನಡೆದ ನಾಟಕವು ನಮಗೆ ದೊರೆಯುವುದು ಬಹಳ ತಡವಾಗಿ. ಕ್ರಿ. ಶ. ೩೦ರಲ್ಲಿ ಬರೆದ ವೆಲ್ಲೀಯಸನು 'ಸೈನ್ಯದೊಡನೆ ರೂಬಿಕಾನ್ ದಾಟಿದನು' ಎಂಬ ಅರ್ಥದ ನಾಲ್ಕು ಶಬ್ದಗಳಲ್ಲಿ ಮುಗಿಸುತ್ತಾನೆ. ನೀರೋ ಚಕ್ರವರ್ತಿಯ ಕಾಲದ ಕವಿ ಲೂಕನನ ಕೈಯಲ್ಲಿ ಹೊಳೆಯು ಕೆಂಪು ನೀರಿನಿಂದ ಉಕ್ಕುತ್ತದೆ. ಕತ್ತಲಲ್ಲಿ ರೋಮ್ ದೇವಿಯೇ ಕೆದರಿದ ನರೆಗೂದಲಿನಿಂದ ಎದುರಾಗಿ ತಡೆಯುತ್ತಾಳೆ. ಕವಿಗೆ ಇದು ಸಲ್ಲುವ ಮಾತು. ಆಮೇಲೆ ಪ್ಲೂಟಾರ್ಕ್, ಸ್ಯೂಟೋನಿಯಸ್, ಅಪ್ಪಿಯನ್. ಇವರೆಲ್ಲರೂ ಘಟನೆಗೆ ಒಂದೂವರೆ, ಎರಡು ಶತಮಾನ ಈಚೆಯವರು.

ಸ್ಯೂಟೋನಿಯಸನ ಕಥನವಂತೂ ಓದಲು ಬಲು ಸೊಗಸು. ಸಂಶಯ ಬಾರದಂತೆ ಸೀಸರನು ಹಗಲೆಲ್ಲ ಪ್ರದರ್ಶನವನ್ನು ನೋಡುತ್ತ, ಕಟ್ಟಿಸಬೇಕೆಂದಿದ್ದ ಮಲ್ಲಶಾಲೆಯ ನಕ್ಷೆಯನ್ನು ಪರಿಶೀಲಿಸುತ್ತ, ನೆರೆದವರೊಡನೆ ಊಟಮಾಡುತ್ತ ಕಾಲಕಳೆದನು. ಸೂರ್ಯಾಸ್ತವಾದ ಮೇಲೆ ಹತ್ತಿರದ ರೊಟ್ಟಿ ಸುಡುವವನ ಅಂಗಡಿಯ ಹೇಸರಗತ್ತೆಗಳನ್ನು ಗಾಡಿಗೆ ಕಟ್ಟಿಸಿ ಗುಟ್ಟಾಗಿ ಹೊರಟನು. ದೀಪ ಆರಿಹೋಯಿತು, ದಾರಿ ತಪ್ಪಿತು. ಬೆಳಗಿನ ಜಾವ ಒಬ್ಬ ದಾರಿತೋರುವವನನ್ನು ಹಿಡಿದು ಕಿರುದಾರಿಗಳಲ್ಲಿ ನಡೆದೇ ಹೊಳೆಯನ್ನು ಮುಟ್ಟಿದನು. ಈಗಲೂ ಹಿಂದಿರುಗಬಹುದು, ಈ ಪುಟ್ಟ ಸೇತುವೆಯನ್ನು ದಾಟಿದೆವೋ ಮುಂದೆಲ್ಲ ಕತ್ತಿಯೇ ಎಂಬ ಅರ್ಥದ ಮಾತನ್ನಾಡಿದನು. ಅಷ್ಟರಲ್ಲಿ ಅಸಾಧಾರಣ ನಿಲುವಿನ ಸುಂದರ ಪುರುಷನೊಬ್ಬನು ಕೊಳಲೂದುತ್ತ ಕಾಣಿಸಿಕೊಂಡು, ಸೈನಿಕನೊಬ್ಬನ ಕಹಳೆಯನ್ನು ಕಸಿದು ಊದಿ ಆಚೆಯ ದಡಕ್ಕೆ ದಾಟಿಹೋದನು.

ಪುಟ್ಟ ಸೇತುವೆ ಎಂಬುದನ್ನು ವಾಚಕರು ಗಮನಿಸಬೇಕು. ಚಿತ್ರಕಾರರು ಸೀಸರನ ಕುದುರೆಯನ್ನು ಎದೆಮಟ್ಟದ ನೀರಿಗೆ ಇಳಿಸಿದ್ದಾರೆ. ಇರುವ ಆಕರಗಳಲ್ಲಿ ಅತಿ ವಿಸ್ತಾರವಾದುದು ಹೇಳುವಂತೆ ಅವನ ಪಾದ ನೆನೆಯುವ ಪ್ರಸಂಗವೇ ಇಲ್ಲ.

ಇಂತಹ ಕಥನಗಳು ಹೇಗೆ ಕೂಡಿಕೊಳ್ಳುತ್ತವೆಂಬುದಕ್ಕೆ ಒಂದು ಒಳ್ಳೆಯ ಸಾಕ್ಷ್ಯ ಸೀಸರನ ಕನಸು. ತಾನು ತನ್ನ ತಾಯಿಯನ್ನೇ ಕೂಡಿದಂತೆ ಅವನಿಗೆ ಹೊಳೆ ದಾಟುವ ಹಿಂದಿನ ರಾತ್ರಿ ಕನಸಾಯಿತೆಂದು ಪ್ಲೂಟಾರ್ಕನು ಬರೆಯುತ್ತಾನೆ. ತಾಯ್ನಾಡಿನ ಮೇಲೆ ಮಾಡಲಿರುವ ಅತ್ಯಾಚಾರದ ಮುನ್ಸೂಚನೆ ಅದು. ಸ್ಯೂಟೋನಿಯಸನಲ್ಲಿಯೂ ಈ ಕನಸುಂಟು. ಆದರೆ ಅಲ್ಲಿ ಅದು ಬೀಳುವುದು ಸೀಸರನು ತರುಣನಾಗಿ ಸ್ಪೇಯಿನಿನಲ್ಲಿ ಕ್ವೆಸ್ಟರನಾಗಿದ್ದಾಗ, ಎಷ್ಟೋ ವರ್ಷಗಳ ಹಿಂದೆ. ಅದರ ಅರ್ಥವೂ ಭೂಮಂಡಲವೆಂಬ ತಾಯಿಯ ಒಡೆತನ. ಒಂದೇ ಕನಸು ಎರಡು ರಾತ್ರಿಗಳಿಗೆ ಎರಡು ಅರ್ಥಗಳೊಡನೆ ಒದಗಿದೆ. ದಡದ ಮೇಲೆ ಒಂದು ರಾತ್ರಿ ಬೇಕಾಗಿತ್ತು. ಆ ರಾತ್ರಿಗೆ ಒಪ್ಪುವ ಸಾಮಗ್ರಿಗಳನ್ನು ಪರಂಪರೆಯು ಅಲ್ಲಿಂದ ಇಲ್ಲಿಂದ ತಂದು ಜೋಡಿಸಿತು ಎಂದು ನನ್ನ ಅಭಿಪ್ರಾಯ.

ಈ ನುಡಿಗಟ್ಟಿನ ಅವಳಿಯಾದ 'ದಾಳ ಬಿದ್ದಿತು' ಎಂಬ ಮಾತನ್ನೂ ಇಲ್ಲಿಯೇ ವಿಚಾರಿಸಬೇಕು. ಇಂಗ್ಲಿಷ್ ರೂಪದಲ್ಲಿ ಅದು ನಮ್ಮ ವಿದ್ಯಾರ್ಥಿಗಳಿಗೆ ತೊಡಕಿನದು. 'ಡೈ' ಎಂದರೆ ಸಾಯುವುದು ಎಂದೂ, 'ಕಾಸ್ಟ್' ಎಂದರೆ ಎರಕ ಹೊಯ್ಯುವುದು ಎಂದೂ ಹಿಡಿದು 'ಅಚ್ಚು ಎರಕವಾಯಿತು' ಎಂದು ಭಾಷಾಂತರಿಸಿದವರುಂಟು. ಅಲ್ಲಿರುವುದು ಜೂಜಿನ ದಾಳ. ಸ್ಯೂಟೋನಿಯಸನ ಲ್ಯಾಟಿನ್ ಪಾಠದಂತೆ ಸೀಸರನು ಹೇಳಿದುದು 'ದಾಳವನ್ನು ಎಸೆದಾಯಿತು'. ಆದರೆ ಅವನು ಅದನ್ನು ಗ್ರೀಕ್ ಭಾಷೆಯಲ್ಲಿ ಹೇಳಿದನೆಂದು ಪ್ಲೂಟಾರ್ಕನು ಪಾಂಪೆಯ ಚರಿತ್ರೆಯಲ್ಲಿ ಸ್ಪಷ್ಟಪಡಿಸುತ್ತಾನೆ. ಆ ಗ್ರೀಕ್ ಕ್ರಿಯಾಪದವು ವಿಧ್ಯರ್ಥದ್ದು: 'ದಾಳ ಎಸೆದದ್ದಾಗಲಿ'. ಇದನ್ನನುಸರಿಸಿ ಲ್ಯಾಟಿನ್ ಪಾಠದಲ್ಲಿಯೂ ಒಂದು ಅಕ್ಷರ ಬಿಟ್ಟುಹೋಗಿರಬೇಕೆಂದು ಎರಾಸ್ಮಸನು ಸೂಚಿಸಿದನು. ಇದು ಕೇವಲ ವೈಯಾಕರಣರ ಜಗಳವಲ್ಲ. 'ಎಸೆದಾಯಿತು' ಎಂಬಲ್ಲಿ ಮುಗಿದುಹೋದ ಭಾವವಿದೆ. 'ಎಸೆದದ್ದಾಗಲಿ' ಎಂಬಲ್ಲಿ ಗರ ಏನು ಬೀಳುವುದೋ ನೋಡೋಣ ಎಂಬ ಜೂಜುಗಾರನ ಧೈರ್ಯವಿದೆ. ಮೊದಲನೆಯದು ಕೊನೆ, ಎರಡನೆಯದು ಆರಂಭ. ಮೇಲಾಗಿ ಇದು ಸೀಸರನ ಸ್ವಂತ ಮಾತೂ ಅಲ್ಲ. ಗ್ರೀಕ್ ನಾಟಕಕಾರ ಮೆನಾಂಡರನ ಹಾಸ್ಯನಾಟಕವೊಂದರಲ್ಲಿ ಬರುತ್ತದೆ. ಅಥೀನೇಯಸನು ಉದ್ಧರಿಸಿರುವ ಆ ಭಾಗದ ಸಂದರ್ಭ ಕೇಳಿದರೆ ವಾಚಕರು ನಕ್ಕಾರು: ಮದುವೆಯಾಗಬೇಡವೆಂದು ಎಷ್ಟು ಹೇಳಿದರೂ ಕೇಳದವನೊಬ್ಬನ ಉತ್ತರ ಅದು. ಸೀಸರನು ಅದನ್ನು ನಿಜವಾಗಿ ಆಡಿದ್ದರೆ, ಓದಿಕೊಂಡ ಮಿತ್ರರ ಗುಂಪಿನಲ್ಲಿ ತುಸು ತಮಾಷೆಯ ಧಾಟಿಯಲ್ಲಿಯೇ ಆಡಿರಬೇಕು. ನಮ್ಮ ಪಠ್ಯಗಳು ಅದಕ್ಕೆ ಸಿಡಿಲಿನ ಗಾಂಭೀರ್ಯವನ್ನು ಹೊರಿಸಿವೆ.

ಬಿದ್ದ ದಾಳ ಬಿದ್ದದ್ದೇ ಎಂಬುದು ಜೂಜಿನ ನಿಯಮವೆಂದು ತೋರಬಹುದು. ಆದರೆ ಧರ್ಮರಾಯನು ಮೊದಲನೆಯ ದ್ಯೂತದಲ್ಲಿ ಸೋತ ಸರ್ವಸ್ವವನ್ನೂ ಧೃತರಾಷ್ಟ್ರನು ಹಿಂದಕ್ಕೆ ಕೊಟ್ಟನಷ್ಟೆ. ಪಾಂಡವರನ್ನು ಕಾಡಿಗೆ ಕಳುಹಿಸಿದ್ದು ಅನುದ್ಯೂತ. ವ್ಯಾಸರಿಗೆ ದಾಳದ ಸ್ವಭಾವ ಚೆನ್ನಾಗಿ ತಿಳಿದಿತ್ತು.

ಈಗ ಆ ಹುಡುಗನ ಪ್ರಶ್ನೆ. ಸೀಸರನು ಹಿಂದಿರುಗಬಹುದಾಗಿತ್ತೆ?

ಅರಿಮಿನಂ ವಶವಾದ ಮೇಲೆಯೂ ಸಂಧಾನ ನಿಲ್ಲಲಿಲ್ಲ. ಪ್ರೀಟರನಾದ ರೋಸಿಯಸ್ ಮತ್ತು ಸೀಸರನ ಬಂಧುವಾದ ತರುಣ ಲೂಸಿಯಸ್ ಸೀಸರ್ ಇವರಿಬ್ಬರು ಎರಡು ಪಾಳೆಯಗಳ ನಡುವೆ ಓಡಾಡಿದರು. ಪಾಂಪೆ ಸ್ಪೇಯಿನಿಗೆ ತೆರಳಲಿ, ಇಬ್ಬರೂ ಸೈನ್ಯಗಳನ್ನು ವಿಸರ್ಜಿಸೋಣ, ಇಟಲಿಯಲ್ಲಿ ಎಲ್ಲರೂ ಆಯುಧಗಳನ್ನು ಕೆಳಗಿಡಲಿ, ಚುನಾವಣೆಗಳು ನಿರ್ಭಯವಾಗಿ ನಡೆಯಲಿ ಎಂಬುದು ಸೀಸರನ ಬೇಡಿಕೆ. ಎದುರು ಪಕ್ಷದ ಉತ್ತರವೇನು? ಸೀಸರನು ಅರಿಮಿನಮ್ಮನ್ನು ಬಿಟ್ಟು ಗಾಲ್ ಪ್ರಾಂತಕ್ಕೆ ಹಿಂದಿರುಗಲಿ, ಸೈನ್ಯವನ್ನು ವಿಸರ್ಜಿಸಲಿ. ಆಗ ಪಾಂಪೆಯು ಸ್ಪೇಯಿನಿಗೆ ಹೋಗುವನು. ಹಿಂದಿರುಗುವುದು ಅಸಾಧ್ಯವೆಂದು ಅಂದು ಯಾರೂ ಭಾವಿಸಿರಲಿಲ್ಲ. ಹಿಂದಿರುಗೆಂಬುದೇ ಎದುರಾಳಿಗಳ ಷರತ್ತಾಗಿತ್ತು. ಒಪ್ಪಂದ ಮುರಿದುದು ಯಾರು ಮೊದಲು ಆಯುಧ ಇಳಿಸಬೇಕೆಂಬ ಅಪನಂಬಿಕೆಯಲ್ಲಿ. ಜನವರಿಯ ಕೊನೆಯ ದಿನಗಳಲ್ಲಿ ಸಿಸೆರೋ ಕೂಡ ಶಾಂತಿಯಾದೀತೆಂದು ಆಶಿಸುತ್ತಿದ್ದನು. ಫೆಬ್ರವರಿಯಲ್ಲಿ ಕಾರ್ಫಿನಿಯಂ ಶರಣಾಯಿತು. ಮಾರ್ಚ್ ೧೭ರಂದು ಪಾಂಪೆಯು ಬ್ರುಂಡೀಸಿಯಂ ಬಂದರಿನಿಂದ ಉಳಿದ ಸೈನ್ಯದೊಡನೆ ಹಡಗೇರಿ ಗ್ರೀಸಿನ ಕಡೆಗೆ ತಪ್ಪಿಸಿಕೊಂಡನು. ಅಲ್ಲಿಯವರೆಗೂ ಸೀಸರನು ಅವನೊಡನೆ ಮುಖಾಮುಖಿ ಮಾತಾಡಲು ಯತ್ನಿಸುತ್ತಲೇ ಇದ್ದನು. ಈ ಯತ್ನಗಳು ಎಷ್ಟು ಪ್ರಾಮಾಣಿಕವಾದುವು ಎಂಬುದು ವಾದಗ್ರಸ್ತ. ಇವನ್ನು ಮುಖ್ಯವಾಗಿ ಹೇಳುವವನು ಸೀಸರನೇ ಆದ್ದರಿಂದ ಎಚ್ಚರ ಬೇಕು. ಆದರೂ ಸಿಸೆರೋವಿನ ಕಾಗದಗಳು ಸಂಧಾನದ ವಿಷಯವನ್ನು ಸಮರ್ಥಿಸುತ್ತವೆ.

ನಿರ್ಧಾರವು ದಡದಲ್ಲಿ ಆಯಿತೆಂಬುದೂ ಸಂದೇಹಾಸ್ಪದ. ಆಲ್ಪ್ಸಿನಾಚೆಯ ಚಳಿಗಾಲದ ಬೀಡುಗಳಲ್ಲಿದ್ದ ಹನ್ನೆರಡನೆಯ ಲೀಜನ್ ಫೆಬ್ರವರಿಯ ಮೊದಲಲ್ಲಿಯೇ ಪಿಕೀನಂ ಪ್ರದೇಶದಲ್ಲಿ ಸೀಸರನನ್ನು ಬಂದು ಕೂಡಿತು. ಎಂಟನೆಯದು ಕಾರ್ಫಿನಿಯಂ ಮುತ್ತಿಗೆಯ ಹೊತ್ತಿಗೆ ಬಂದಿತು. ಅಷ್ಟು ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಬೇಕಾದರೆ ಹೊರಡುವ ಆಜ್ಞೆಯು ಹೊಳೆ ದಾಟುವುದಕ್ಕೆ ಮೊದಲೇ ಹೋಗಿರಬೇಕೆಂದು ಊಹಿಸುವುದು ಅನಿವಾರ್ಯ. ದಾರಿಯ ದೂರವನ್ನು ಲೆಕ್ಕ ಹಾಕಿದವನಿಗೆ ಕೊಳಲೂದುವ ಪುರುಷನ ಅವಶ್ಯಕತೆಯಿಲ್ಲ.

ಸೆನೆಟ್ಟಿನ ಕಡೆಯಲ್ಲಿಯೂ ಇಂತಹದೇ ಒಂದು ಗಳಿಗೆಯಿದೆ. ಯಾರೂ ಅದರ ಹೆಸರಿನಲ್ಲಿ ನುಡಿಗಟ್ಟು ಕಟ್ಟಲಿಲ್ಲ. ಕ್ರಿ. ಪೂ. ೫೦ರ ಡಿಸೆಂಬರಿನ ಆರಂಭದಲ್ಲಿ ಟ್ರಿಬ್ಯೂನನಾದ ಕ್ಯೂರಿಯೋ, ಸೀಸರ್ ಮತ್ತು ಪಾಂಪೆ ಇಬ್ಬರೂ ತಮ್ಮ ಸೈನ್ಯಗಳನ್ನು ಬಿಟ್ಟುಕೊಡಲಿ ಎಂಬ ಗೊತ್ತುವಳಿಯನ್ನು ಮಂಡಿಸಿದನು. ಅಪ್ಪಿಯನನ ಪ್ರಕಾರ ೩೭೦ ಮಂದಿ ಪರವಾಗಿ, ೨೨ ಮಂದಿ ವಿರೋಧವಾಗಿ ಮತಕೊಟ್ಟರು. ಕಾನ್ಸಲ್ ಮಾರ್ಸೆಲ್ಲಸನು ಸಭೆಯನ್ನು ಚೆದುರಿಸಿ, ಅಧಿಕೃತ ನಿರ್ಣಯವೊಂದಿಲ್ಲದೆಯೇ ಪಾಂಪೆಯ ಕೈಗೆ ಕತ್ತಿಯನ್ನಿತ್ತು ರಾಜ್ಯವನ್ನು ರಕ್ಷಿಸೆಂದನು. ಶಾಂತಿಯನ್ನು ಬಯಸಿದವರು ೩೭೦. ಯುದ್ಧವಾದುದು ೨೨ ಮಂದಿಯ ಹಟದಂತೆ. 'ಸೀಸರನು ರೂಬಿಕಾನ್ ದಾಟಿದನು' ಎಂದು ಬರೆದು ಮುಂದೆ ಹೋಗುವ ವಿದ್ಯಾರ್ಥಿಯ ಕಣ್ಣಿಗೆ ಮಾರ್ಸೆಲ್ಲಸನೂ ಬೀಳುವುದಿಲ್ಲ, ಆ ಇಪ್ಪತ್ತೆರಡು ಮಂದಿಯೂ ಬೀಳುವುದಿಲ್ಲ. ಈ ನುಡಿಗಟ್ಟಿನ ಮೇಲೆ ನನ್ನ ಮುಖ್ಯ ಆಕ್ಷೇಪಣೆ ಇದು. ಅದು ಸುಳ್ಳು ಹೇಳುತ್ತದೆಂದಲ್ಲ. ಒಬ್ಬನ ಮೇಲೆ ಬೆಳಕು ಚೆಲ್ಲಿ ಉಳಿದವರನ್ನು ಕತ್ತಲೆಯಲ್ಲಿ ಪಾರುಮಾಡುತ್ತದೆ.

ಸೀಸರನೊಡನೆ ಅಂದು ದಡದಲ್ಲಿದ್ದವರಲ್ಲಿ ಆಸಿನಿಯಸ್ ಪೋಲಿಯೋ ಒಬ್ಬನೆಂದು ಪ್ಲೂಟಾರ್ಕನು ಹೆಸರು ಹಿಡಿದು ಹೇಳುತ್ತಾನೆ. ಈ ಪೋಲಿಯೋ ಮುಂದೆ ಅಂತರ್ಯುದ್ಧಗಳ ಇತಿಹಾಸವನ್ನು ಬರೆದನು. ಗ್ರಂಥ ನಷ್ಟವಾಗಿದೆ, ಆದರೆ ಅವನು ಎಲ್ಲಿಂದ ಪ್ರಾರಂಭಿಸಿದನೆಂಬುದು ಹೊರೇಸ್ ಕವಿಯಿಂದ ತಿಳಿಯುತ್ತದೆ: ಮೆಟೆಲ್ಲಸನ ಕಾನ್ಸಲ್‌ಗಿರಿಯಿಂದ, ಎಂದರೆ ಕ್ರಿ. ಪೂ. ೬೦ರಿಂದ. ಹೊಳೆಯ ದಂಡೆಯಲ್ಲಿ ಕಣ್ಣಾರೆ ನಿಂತಿದ್ದವನು, ತನ್ನ ಕಾಲದ ಮಹಾವಿಪತ್ತಿನ ಮೊದಲನ್ನು ಹೊಳೆಯ ದಂಡೆಯಲ್ಲಿ ಕಾಣಲಿಲ್ಲ! ಹನ್ನೊಂದು ವರ್ಷ ಹಿಂದೆ, ಪಾಂಪೆ, ಸೀಸರ್, ಕ್ರಾಸಸ್ ಈ ಮೂವರು ಒಳಗೊಳಗೇ ಕೈಜೋಡಿಸಿದ ಕಾಲದಲ್ಲಿ ಕಂಡನು. ರೋಮನ್ನು ಕೆಡಿಸಿದ್ದು ಅವರ ವೈರವಲ್ಲ, ಅವರ ಸ್ನೇಹ ಎಂಬ ಕೇಟೋವಿನ ಅಭಿಪ್ರಾಯವನ್ನೂ ಪ್ಲೂಟಾರ್ಕ್ ದಾಖಲೆ ಮಾಡಿದ್ದಾನೆ. ೧೯೩೯ರಲ್ಲಿ 'ರೋಮನ್ ಕ್ರಾಂತಿ'ಯನ್ನು ಬರೆದ ರೊನಾಲ್ಡ್ ಸೈಮ್ ಪೋಲಿಯೋವಿನ ಜಾಡನ್ನೇ ಹಿಡಿದು ಕ್ರಿ. ಪೂ. ೬೦ರಿಂದ ತೊಡಗಿದನು. ಸಮಕಾಲೀನ ಸಾಕ್ಷಿಯ ತೀರ್ಪಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದು?

ಹೊಳೆಯ ಗತಿಯೇ ವಿಡಂಬನೆಯಾಗಿದೆ. ಕ್ರಿ. ಪೂ. ೪೨ರ ಸುಮಾರಿಗೆ ಆ ಪ್ರಾಂತವನ್ನು ಇಟಲಿಗೆ ಸೇರಿಸಿದ್ದರಿಂದ ಗಡಿ ಅಳಿಯಿತು. ಅನಂತರ ಯಾವುದು ರೂಬಿಕಾನೆಂಬುದೇ ಮರೆತುಹೋಯಿತು. ಪಿಸ್ಸಿಯಾಟೆಲ್ಲೊ, ಫಿಯುಮಿಚಿನೊ, ಉಸೊ ಎಂಬ ಮೂರು ತೊರೆಗಳ ಪರವಾಗಿ ಊರೂರವರು ಶತಮಾನಗಳ ಕಾಲ ವಾದಿಸಿದರು. ಸೈನ್ಯದೊಡನೆ ದಾಟುವವರನ್ನು ಶಪಿಸುವ ಸೆನೆಟ್ಟಿನ ಶಾಸನವೊಂದು ಆ ದಾರಿಯಲ್ಲಿ ಉಂಟೆಂದು ಮಾಂಟೆಸ್ಕ್ಯೂನಂಥ ವಿಚಾರಶೀಲನೂ ೧೭೩೪ರಲ್ಲಿ ನಂಬಿ ಬರೆದನು, ಅದು ಕೃತ್ರಿಮ. ಕೊನೆಗೆ ೧೯೩೩ರಲ್ಲಿ ಮುಸೊಲೀನಿಯ ಸರ್ಕಾರವು ಫಿಯುಮಿಚಿನೊ ತೊರೆಯೇ ರೂಬಿಕಾನೆಂದು ಆಜ್ಞಾಪಿಸಿ, ಅದರ ದಡದ ಸವಿನ್ಯಾನೊ ಊರಿನ ಹೆಸರಿಗೂ ಹೊಳೆಯ ಹೆಸರನ್ನು ಜೋಡಿಸಿತು. ವಿದ್ವಾಂಸರು ಬಗೆಹರಿಸಲಾರದ್ದನ್ನು ಸರ್ವಾಧಿಕಾರಿ ಬಗೆಹರಿಸಿದನು.

ಬಳಕೆಯ ಚರಿತ್ರೆಯನ್ನು ಪೂರ್ಣವಾಗಿ ಹೇಳಲು ಇಲ್ಲಿ ಅವಕಾಶವಿಲ್ಲ. ಡಾಂಟೆಯು ಸೀಸರನ ಶಂಕೆಯನ್ನು ನೀಗಿಸಿದ ತಪ್ಪಿಗಾಗಿ ಕ್ಯೂರಿಯೋವನ್ನು ನರಕದಲ್ಲಿ ನಾಲಗೆ ಕತ್ತರಿಸಿದ ಸ್ಥಿತಿಯಲ್ಲಿ ನಿಲ್ಲಿಸಿದ್ದಾನೆ. ದಾಟಿದವನ ಜೊತೆಗೆ ದಾಟಿಸಿದವನೂ ಹೊಣೆಯೆಂಬ ನ್ಯಾಯ ಅವನದು. ೧೭೭೪ರ ಸೆಪ್ಟೆಂಬರಿನಲ್ಲಿ ಮೂರನೆಯ ಜಾರ್ಜ್ ದೊರೆ ಮಂತ್ರಿಯಾದ ನಾರ್ತ್ ಪ್ರಭುವಿಗೆ ಬರೆದ ಕಾಗದದಲ್ಲಿ ದಾಳ ಬಿದ್ದಿತೆಂದನು. ಅದೇ ವರ್ಷದ ಬೇಸಗೆಯಲ್ಲಿ ಅಮೆರಿಕದ ಜಾನ್ ಆಡಮ್ಸನು ದಾಳವನ್ನೂ ರೂಬಿಕಾನನ್ನೂ ಒಂದೇ ಉಸಿರಿನಲ್ಲಿ ತನ್ನ ಮಿತ್ರನೊಬ್ಬನಿಗೆ ಹೇಳಿದನಂತೆ. ಆದರೆ ಹಾಗೆ ಹೇಳಿದೆನೆಂದು ಅವನು ಪ್ರಕಟಿಸಿದುದು ೪೫ ವರ್ಷಗಳ ಅನಂತರ, ೧೮೧೯ರಲ್ಲಿ, ಗೆದ್ದ ಮೇಲೆ. ಈ ನಡುವೆ ೧೭೭೫ರ ಜುಲೈಯಲ್ಲಿ ಅಮೆರಿಕದ ಕಾಂಗ್ರೆಸ್ಸು ದೊರೆಗೆ ಸಂಧಾನದ ಬಿನ್ನವತ್ತಳೆಯನ್ನು ಕಳುಹಿಸಿತ್ತು. ಆಡಮ್ಸನು ದಾಟಿಬಿಟ್ಟಿದ್ದನೆನ್ನುವ ಹೊಳೆಯ ಈಚೆಯ ದಡದಲ್ಲಿಯೇ ಅವನ ಸಂಗಡಿಗರು ಇನ್ನೂ ನಿಂತಿದ್ದರು. ಅವರನ್ನು ದಾಟಿಸಿದ್ದು ಬಹುಮಟ್ಟಿಗೆ ಆ ಬಿನ್ನವತ್ತಳೆಯನ್ನು ಸ್ವೀಕರಿಸದ ದೊರೆ.

ಆದರೆ ಈ ಮಾತಿನ ಟೊಳ್ಳುತನವನ್ನು ತೋರಿಸಲು ದಕ್ಷಿಣ ಆಫ್ರಿಕದ ನಿದರ್ಶನದಷ್ಟು ಸಮರ್ಥವಾದುದು ಬೇರೊಂದಿಲ್ಲ. ೧೯೮೫ರಲ್ಲಿ ಅಲ್ಲಿನ ಕರಿಯ ಜನರ ಬಸ್ತಿಗಳು ಹೊತ್ತಿ ಉರಿಯುತ್ತಿದ್ದುವು. ಜುಲೈಯಲ್ಲಿ ದೇಶದ ಅನೇಕ ಭಾಗಗಳಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಿದ್ದರು. ಅಧ್ಯಕ್ಷ ಪಿ. ಡಬ್ಲ್ಯು. ಬೋಥಾ ಆಗಸ್ಟ್ ೧೫ರಂದು ಡರ್ಬನ್ನಿನಲ್ಲಿ ಮಾಡಲಿದ್ದ ಭಾಷಣದಲ್ಲಿ ವರ್ಣಭೇದ ನೀತಿಯನ್ನು ಸಡಿಲಿಸುವನೆಂದೂ ನೆಲ್ಸನ್ ಮಂಡೇಲಾರ ಬಿಡುಗಡೆಯ ದಾರಿ ತೆರೆಯುವನೆಂದೂ ಪ್ರಪಂಚವೆಲ್ಲ ನಿರೀಕ್ಷಿಸಿತ್ತು. ಬೋಥಾ ಅಂಥದೇನನ್ನೂ ಕೊಡಲಿಲ್ಲ. ಹೊರಗಿನವರ ಒತ್ತಾಯಕ್ಕೆ ಮಣಿಯುವವನಲ್ಲವೆಂದು ಗದರಿಸಿದನು. ಆದರೆ ಕರಡಿನಲ್ಲಿದ್ದ ಒಂದು ಮಾತು ಮಾತ್ರ ಭಾಷಣದಲ್ಲಿ ಉಳಿದುಕೊಂಡಿತ್ತು: ನಾವಿಂದು ರೂಬಿಕಾನ್ ದಾಟುತ್ತಿದ್ದೇವೆ! ನಿಂತಲ್ಲಿಯೇ ನಿಂತವನು ದಾಟಿದೆನೆಂದು ಸಾರಿದನು. ಆ ಭಾಷಣಕ್ಕೆ 'ರೂಬಿಕಾನ್ ಭಾಷಣ' ಎಂಬ ಹೆಸರು ನಿಂತಿದೆ. ಅದರ ಪರಿಣಾಮವಾಗಿ ದೇಶದ ನಾಣ್ಯವಾದ ರಾಂಡ್ ಕುಸಿಯಿತು. ಆ ತಿಂಗಳ ಕೊನೆಯಲ್ಲಿ ಷೇರುಪೇಟೆಯನ್ನೂ ವಿದೇಶೀ ವಿನಿಮಯ ಪೇಟೆಯನ್ನೂ ಕೆಲವು ದಿನ ಮುಚ್ಚಿ, ವಿದೇಶೀ ಸಾಲದ ಮರುಪಾವತಿಯನ್ನು ತಡೆಹಿಡಿಯಬೇಕಾಯಿತು. ನಿಜವಾದ ದಾಟುವಿಕೆಯು ೧೯೯೦ರ ಫೆಬ್ರವರಿ ೨ರಂದು ಡಿ ಕ್ಲರ್ಕ್ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮೇಲಿನ ನಿಷೇಧವನ್ನು ತೆಗೆದಾಗ ಸಂಭವಿಸಿತು. ಮಂಡೇಲಾ ಅದೇ ತಿಂಗಳು ೧೧ರಂದು ಸೆರೆಮನೆಯಿಂದ ಹೊರಬಂದರು. ನಡುವೆ ನಾಲ್ಕೂವರೆ ವರ್ಷಗಳು. ಆ ವರ್ಷಗಳಲ್ಲಿ ಸತ್ತವರು, ಸೆರೆಯಾದವರು ಅನೇಕರು. ನುಡಿಗಟ್ಟಿಗೆ ಸತ್ಯಾಸತ್ಯದ ಪ್ರಶ್ನೆಯನ್ನು ಹಾಕಬೇಕಾದುದು ಏತಕ್ಕೆಂದು ಕೇಳುವವರಿಗೆ ಇದು ಉತ್ತರ.

ಕನ್ನಡದಲ್ಲಿ ಈ ಮಾತಿಗೆ ಏನು ಹೇಳಬೇಕು? 'ಲಕ್ಷ್ಮಣರೇಖೆಯನ್ನು ದಾಟಿದಂತೆ' ಎಂದು ಕೆಲವರು ಅನುವಾದಿಸುತ್ತಾರೆ. ಒಂದು ವಿಧದಲ್ಲಿ ಇದು ತಕ್ಕ ಜೋಡಿ; ಏಕೆಂದರೆ ಸೀಸರನ ಗ್ರಂಥದಲ್ಲಿ ರೂಬಿಕಾನ್ ಹೇಗೆ ಇಲ್ಲವೋ ಹಾಗೆ ವಾಲ್ಮೀಕಿಯ ರಾಮಾಯಣದಲ್ಲಿ ಲಕ್ಷ್ಮಣರೇಖೆ ಇಲ್ಲ. ಎರಡನ್ನೂ ಈಚಿನವರು ಎಳೆದರು. ಅರ್ಥದಲ್ಲಿ ಮಾತ್ರ ಅವು ಹೊಂದುವುದಿಲ್ಲ. ಲಕ್ಷ್ಮಣರೇಖೆ ಹೇಳುವುದು ಮರ್ಯಾದೆಯನ್ನು, ಮೀರಬಾರದ ಎಲ್ಲೆಯನ್ನು. ಮೀರಿದವರು ಮೋಸಹೋದವರು, ಸಂಕಲ್ಪಮಾಡಿದವರಲ್ಲ. ಹಿಂದಿರುಗಲಾಗದ ಸ್ಥಿತಿಗೆ ನಮ್ಮ ಜನ ಬಳಸುವ ಮಾತುಗಳು ಬೇರೆ: 'ಕೈಮೀರಿತು', 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು'. ಇವುಗಳಲ್ಲಿ ವೀರನೂ ಇಲ್ಲ, ದಡವೂ ಇಲ್ಲ. ಕೈಮೀರುವುದು ಒಂದು ಕ್ಷಣದಲ್ಲಿ ಅಲ್ಲ. ಮೀರಿದ ಮೇಲೆಯೇ ಅದು ನಮಗೆ ತಿಳಿಯುವುದು. ಕ್ರಿ. ಪೂ. ೪೯ರ ಮೊದಲ ಮೂರು ತಿಂಗಳಿಗೆ ಈ ನಮ್ಮ ಸಾದಾ ಮಾತು ಆ ಪ್ರಸಿದ್ಧ ಮಾತಿಗಿಂತ ಹೆಚ್ಚು ನಿಷ್ಠವಾಗಿದೆಯೆಂದು ನನಗೆ ತೋರುತ್ತದೆ.

ನುಡಿಗಟ್ಟನ್ನು ತರಗತಿಯಿಂದ ಹೊರಹಾಕಬೇಕೆಂಬುದು ನನ್ನ ವಾದವಲ್ಲ. ಹೊರಹಾಕಿದರೂ ಅದು ಹೋಗುವುದಿಲ್ಲ. ಅದು ಉತ್ತರಪತ್ರಿಕೆಯಲ್ಲಿ ಬಂದಾಗ ಅಂಚಿನಲ್ಲಿ ಪ್ರಶ್ನೆಯ ಗುರುತನ್ನು ಹಾಕಿ, ಗಡಿ ಯಾವುದು, ದಾಟಿಸಿದವರು ಯಾರು, ಹಿಂದಿರುಗುವ ಬಾಗಿಲು ಯಾವ ದಿನ ಮುಚ್ಚಿತು ಎಂದು ನಾನು ಕೇಳುತ್ತಿದ್ದೇನೆ. ಹಿಂದಿನ ಬೆಂಚಿನ ಆ ಹುಡುಗನಿಗೆ ಎರಡು ವಾರಗಳ ಅನಂತರ ಉತ್ತರ ಹೇಳಿದೆ: ಬರಬಹುದಿತ್ತು, ಬಾ ಎಂದು ಕರೆಯೂ ಬಂದಿತ್ತು, ಸುಮಾರು ಒಂಬತ್ತು ವಾರಗಳ ಮೇಲೆ, ಬ್ರುಂಡೀಸಿಯಂ ಬಂದರಿನಿಂದ ಪಾಂಪೆಯ ಹಡಗುಗಳು ಹೊರಟುಹೋದಾಗ, ಬರುವುದಕ್ಕೆ ಕರೆಯುವವರೇ ಇಟಲಿಯಲ್ಲಿ ಉಳಿದಿರಲಿಲ್ಲ.